28 ಇಂಚಿನ ಗಾಲಿ 29ಕ್ಕಿಂತ ದೊಡ್ಡದು: ಎಂಟಿಬಿಗೆ ರಿಮ್, ಹಬ್ ಹೊಂದಿಸುವ ಮಾತು

(ಕಲಬುರಗಿಯಲ್ಲಿ ಒಂದು ಭಾನುವಾರ ಬೆಳಿಗ್ಗೆ ಸೈಕಲ್ ಸವಾರರ ಮುಂದೆ ಆಡಿದ ಮಾತಿನ ಬರಹ ರೂಪ)

ಈ ಮೇಜಿನ ಮೇಲೆ ಎರಡು ರಿಮ್ ಇಟ್ಟಿದ್ದೇನೆ. ಎಡಗಡೆಯದು ನಮ್ಮ ಅಪ್ಪನ ಅಂಗಡಿಯ ಕಾಲದ್ದು. ಹಾಲಿನವರು, ಪೋಸ್ಟಿನವರು ಓಡಿಸುತ್ತಿದ್ದ ಕರಿ ಸೈಕಲ್ಲಿನ ರಿಮ್, 28 ಇಂಚು. ಬಲಗಡೆಯದು ಹೊಸ ಎಂಟಿಬಿಯ, ಅಂದರೆ ಗುಡ್ಡಗಾಡಿನ ಮೌಂಟನ್ ಬೈಕಿನ, 29 ಇಂಚಿನದು. ಯಾವುದು ದೊಡ್ಡದು ಹೇಳ್ರಿ?

29 ಅಂತ ಎಲ್ಲರೂ ಒಂದೇ ದನಿಯಲ್ಲಿ ಹೇಳಿದಿರಿ. ಈಗ ಒಂದರ ಮೇಲೊಂದು ಇಡುತ್ತೇನೆ, ನೋಡ್ರಿ. 28ರದ್ದೇ ಸುತ್ತಲೂ ಹೊರಗೆ ಚಾಚಿಕೊಂಡಿದೆ. ಟೈರಿನ ತಂತಿ ಹೋಗಿ ಕೂಡುವ ಜಾಗದಲ್ಲಿ ಅಳೆದರೆ ಕರಿ ಸೈಕಲ್ಲಿನ ರಿಮ್ 635 ಮಿ.ಮೀ., 29 ಇಂಚಿನದು 622 ಮಿ.ಮೀ. ಹಾಗಾದರೆ 29 ಅನ್ನೋ ಹೆಸರು ಎಲ್ಲಿಂದ ಬಂತು? 622ರ ರಿಮ್ಮಿಗೆ 57 ಮಿ.ಮೀ. ದಪ್ಪದ ಟೈರ್ ಹಾಕಿ ಗಾಳಿ ಹೊಡೆದರೆ ಹೊರಗಿನ ಅಳತೆ ಹತ್ತಿರ ಹತ್ತಿರ 29 ಇಂಚು ಆಗುತ್ತದೆ. ಅಂದರೆ ಹೆಸರು ಉಬ್ಬಿದ ಟೈರಿನದು, ರಿಮ್ಮಿನದಲ್ಲ. ರೋಡ್ ಬೈಕಿನವರು 700ಸಿ ಅನ್ನೋದೂ ಇದೇ 622ಕ್ಕೆ. 26 ಇಂಚಿನದು 559, 27.5ರದ್ದು 584. ಹೆಸರು ನೋಡಿದರೆ 27.5 ಅನ್ನೋದು 26 ಮತ್ತು 29ರ ನಟ್ಟನಡುವೆ ಇರಬೇಕು. ಮಿಲಿಮೀಟರಿನಲ್ಲಿ ನೋಡ್ರಿ, 26ಕ್ಕಿಂತ 25 ಹೆಚ್ಚು, 29ಕ್ಕಿಂತ 38 ಕಡಿಮೆ. ಅದು 26ರ ತಮ್ಮನೋ ಅಣ್ಣನೋ, 29ರ ಬಳಗವಂತೂ ಅಲ್ಲ.

ಅದಕ್ಕೆ ಇವತ್ತಿನಿಂದ ಇಂಚು ಮರೆತುಬಿಡಿ. ಟೈರಿನ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ 57-622 ಅಂತಲೋ 57-584 ಅಂತಲೋ ಅಚ್ಚು ಹಾಕಿರುತ್ತಾರೆ. ಮೊದಲನೆಯದು ದಪ್ಪ, ಎರಡನೆಯದು ರಿಮ್ಮಿನ ಅಳತೆ. ನಂಬಬೇಕಾದ್ದು ಅದೊಂದನ್ನೇ.

ನನ್ನ ಹತ್ತಿರ ಗಾಲಿ ಕಟ್ಟಿಸಲಿಕ್ಕೆ ಬರುವ ಹುಡುಗರ ಮೊದಲ ಮಾತು ಸಾಮಾನ್ಯವಾಗಿ ಹೀಗಿರುತ್ತದೆ: “ಅಣ್ಣಾ, ಆನ್‌ಲೈನ್‌ನ್ಯಾಗ ರಿಮ್ ಸಸ್ತಾ ಸಿಕ್ತು, ತರ್ಸೀನಿ. ಇದಕ್ಕ ಹೊಂದೋ ಹಬ್ ಯಾವ್ದು ಹೇಳ್ರಿ.” ಕೂಸು ಹುಟ್ಟೋ ಮೊದಲೇ ಕುಲಾವಿ ಹೊಲಿಸಿದ ಹಾಗೆ. ನಾನು ತಿರುಗಿ ಕೇಳೋದು, ನಿನ್ನ ಫ್ರೇಮ್ ಎಲ್ಲೈತಿ, ತಗೊಂಡ್ ಬಾ. ಹಬ್, ಅಂದರೆ ಗಾಲಿಯ ನಡುವಿನ ಗುಂಬ, ಯಾವುದು ಅಂತ ತೀರ್ಮಾನ ಮಾಡುವುದು ಫ್ರೇಮ್ ಮತ್ತು ಮುಂದಿನ ಗಾಲಿ ಹಿಡಿಯುವ ಫೋರ್ಕ್. ನಾವಲ್ಲ, ನಮ್ಮ ಜೇಬೂ ಅಲ್ಲ. ರಿಮ್ ಯಾವುದು ಅಂತ ಹೇಳುವುದು ಟೈರ್. ಇವೆರಡು ಕಡ್ಡಿಯ ತೂತಿನ ಲೆಕ್ಕದಲ್ಲಿ ಬಂದು ಕೂಡುತ್ತವೆ. ಅಷ್ಟರ ಮೇಲೆ ಉಳಿದದ್ದು ರುಚಿ, ಬಣ್ಣ, ಸದ್ದು.

ಹಿಂದಿನ ಗಾಲಿಯಿಂದ ಶುರು ಮಾಡೋಣ, ತಪ್ಪಾಗೋದು ಅಲ್ಲೇ ಹೆಚ್ಚು. ಗಾಲಿ ಬಿಚ್ಚಿ, ಫ್ರೇಮಿನ ಎರಡು ಕಿವಿಗಳ (ಆಕ್ಸಲ್ ಕೂಡುವ ಜಾಗಗಳ) ಒಳಗಿನ ಅಂತರ ವರ್ನಿಯರ್‌ನಿಂದ ಅಳೆಯಿರಿ. ಹಳೇ ಎಂಟಿಬಿ, ಕಡಿಮೆ ಬೆಲೆಯ ಎಂಟಿಬಿ ಆದರೆ 135 ಮಿ.ಮೀ. ಬರುತ್ತದೆ, ಸಣ್ಣ ಆಕ್ಸಲ್, ಕ್ವಿಕ್ ರಿಲೀಸ್ (ಕೈಯಲ್ಲೇ ಬಿಚ್ಚುವ ಹಿಡಿಯದು) ಅಥವಾ ನಟ್. ಆಮೇಲೆ ಬಂದದ್ದು 12 ಮಿ.ಮೀ. ದಪ್ಪದ ಥ್ರೂ ಆಕ್ಸಲ್, ಅಂದರೆ ಕಿವಿಗಳ ತೂತಿನೊಳಗೆ ಆರುಪಾರು ತೂರಿ ಬಿಗಿಯುವಂಥದ್ದು, ಅಂತರ 142. ಅದಾದ ಮೇಲೆ ಬೂಸ್ಟ್ ಅಂತ 148 ಬಂತು. ಇದನ್ನು 2014ರ ಸುಮಾರಿಗೆ ಟ್ರೆಕ್ ಕಂಪನಿ ತನ್ನ ಬೈಕುಗಳಲ್ಲಿ ತಂದಿತು. 29 ಇಂಚಿನ ಗಾಲಿಯಲ್ಲಿ ಕಡ್ಡಿ ಉದ್ದ, ಹಬ್ಬಿನ ರೆಕ್ಕೆಗಳು (ಕಡ್ಡಿ ಕೋಯುವ ಎರಡು ಅಂಚುಗಳು) ಒಂದಕ್ಕೊಂದು ಹತ್ತಿರ ಇದ್ದರೆ ಗಾಲಿ ಪಕ್ಕಕ್ಕೆ ಬಾಗುತ್ತದೆ. ಎರಡೂ ರೆಕ್ಕೆಗಳನ್ನು ಮೂರು ಮೂರು ಮಿ.ಮೀ. ಹೊರಗೆ ಸರಿಸಿದರು, ಅಷ್ಟೇ ಬೂಸ್ಟ್. ಡೌನ್‌ಹಿಲ್ ಬೈಕಿನ 150, 157 ಬೇರೆ. ಅದನ್ನು ನಮ್ಮ ಕಡೆ ಯಾರೂ ತಂದದ್ದು ನಾನು ನೋಡಿಲ್ಲ, ಬಿಟ್ಟುಬಿಡೋಣ.

ಇಲ್ಲೊಂದು ಗಮ್ಮತ್ತಿದೆ. 135 ಮತ್ತು 142ರ ಹಬ್ಬಿನ ಒಡಲು ಒಂದೇ ಆಗಿರಬಹುದು. 142ರ ಫ್ರೇಮಿನ ಕಿವಿಯಲ್ಲಿ ಎರಡೂ ಕಡೆ ಮೂರೂವರೆ ಮಿ.ಮೀ. ಗುಳಿ ಇರುತ್ತದೆ, ಹಬ್ಬಿನ ತುದಿ ಅದರೊಳಗೆ ಕೂಡುತ್ತದೆ. ಹಾಗಾಗಿ ಎಷ್ಟೋ ಹಬ್‌ಗಳಿಗೆ ತುದಿಯ ಟೋಪಿ ಬದಲಿಸಿದರೆ 135 ಹೋಗಿ 142 ಆಗುತ್ತದೆ. 141 (ಬೂಸ್ಟ್ ಅಗಲದ ಕ್ವಿಕ್ ರಿಲೀಸ್ ಹಬ್) ಮತ್ತು 148ರ ನಡುವೆಯೂ ಇದೇ ನೆಂಟಸ್ತಿಕೆ. ಆದರೆ 142ನ್ನು 148 ಮಾಡಲಿಕ್ಕೆ ಟೋಪಿ ಒಂದೇ ಸಾಲದು. ಎರಡೂ ಕಡೆ 3 ಮಿ.ಮೀ. ತುಂಬಿಸಬೇಕು, ಡಿಸ್ಕ್ ಕೆಳಗೂ 3 ಮಿ.ಮೀ. ಬಿಲ್ಲೆ ಇಡಬೇಕು, ಇಲ್ಲದಿದ್ದರೆ ಡಿಸ್ಕ್ ಹೋಗಿ ಬ್ರೇಕಿನ ಕ್ಯಾಲಿಪರ್ ಒಳಗೆ ಕೂಡುವುದಿಲ್ಲ. ನಡೆಯುತ್ತದೆ, ಚಂದ ಅಲ್ಲ. ಇದರ ಉಲ್ಟಾ ಅಂತೂ ನಡೆಯುವುದೇ ಇಲ್ಲ. ನಾನು ಒಮ್ಮೆ 142ರ ಹಬ್ ತರಿಸಿದೆ. ಡಬ್ಬದ ಮೇಲೆ 142 ಅಂತ ಇತ್ತು, ಒಳಗಿನ ಮಾಲು 148. ಅಳೆಯದೆ ಕಡ್ಡಿ ಕೋದೆ, ಬಿಗಿದೆ, ಔಟ್ ತೆಗೆದೆ, ಇಡೀ ಸಂಜೆ ಕಳೆದೆ. ಗಾಲಿ ಫ್ರೇಮಿನ ಬಾಯಿಗೆ ಬಂದು ನಿಂತಿತು, ಒಳಗೆ ಹೋಗಲಿಲ್ಲ. ಪಕ್ಕದಲ್ಲಿ ನಿಂತಿದ್ದ ಹುಡುಗ “ಜರಾ ಅಗಲಿಸಿ ತುರುಕ್ರಿ ಅಣ್ಣಾ” ಅಂದ. ಕಬ್ಬಿಣದ ಕರಿ ಸೈಕಲ್ ಆಗಿದ್ದರೆ ಅಪ್ಪ ಹಾಗೇ ಮಾಡುತ್ತಿದ್ದರು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಆರು ಮಿ.ಮೀ. ಅಗಲಿಸಿದರೆ ಅದು ಅಗಲ ಆಗುವುದಿಲ್ಲ, ಸೀಳುತ್ತದೆ. ಕಳಿಸಿದವರು ವಾಪಸ್ ತಗೊಳ್ಳಲಿಲ್ಲ, ಕಡ್ಡಿ ಕೋದ ಹಬ್ ವಾಪಸ್ ಇಲ್ಲವಂತೆ. ಆ ಹಬ್ ಇಲ್ಲೇ ಇದೆ, ಕೈಯಿಂದ ಕೈಗೆ ದಾಟಿಸಿ ನೋಡಿ.

ಮುಂದಿನ ಗಾಲಿ ಸರಳ. ಹಳೆಯದು 100 ಮಿ.ಮೀ. ಕ್ವಿಕ್ ರಿಲೀಸ್, ಆಮೇಲಿನದು 15 ಮಿ.ಮೀ. ಆಕ್ಸಲ್ಲಿನ 100, ಬೂಸ್ಟ್ ಅಂದರೆ 15 ಆಕ್ಸಲ್ಲಿನ 110. ಒಂದೇ ಎಚ್ಚರಿಕೆ: 20 ಮಿ.ಮೀ. ಆಕ್ಸಲ್ಲಿನ ಹಳೇ ಡೌನ್‌ಹಿಲ್ ಹಬ್ ಕೂಡ 110 ಅಗಲವೇ. ಸಂಖ್ಯೆ ಒಂದೇ ಅಂತ ತಂದರೆ ಡಿಸ್ಕ್ ಕೂಡುವ ಜಾಗ ಬೇರೆ ಇರುತ್ತದೆ.

ಅಗಲ ಆಯಿತು. ಇನ್ನು ಚೈನಿನ ಕಡೆ. ನಮ್ಮೂರ ಕಡಿಮೆ ಬೆಲೆಯ ಗೇರ್ ಸೈಕಲ್ಲುಗಳಲ್ಲಿ ಫ್ರೀವೀಲ್ ಅಂದರೆ ಮರೆ (ಥ್ರೆಡ್) ಸುತ್ತಿ ಹಬ್ಬಿಗೆ ಬಿಗಿಯುವಂಥದ್ದು. ಅಂಥ ಹಬ್ಬಿಗೆ ಕ್ಯಾಸೆಟ್ (ಮರೆ ಇಲ್ಲದೆ ಜಾರಿಸಿ ಕೂಡಿಸುವ ಹಲ್ಲುಗಾಲಿಗಳ ಗೊಂಚಲು) ಕೂಡುವುದಿಲ್ಲ, ಅದನ್ನು ಯಾವ ಜಾದೂ ಮಾಡಿಯೂ ಕೂಡಿಸಲಾಗದು. ಕ್ಯಾಸೆಟ್ ಹಬ್ ತಗೊಳ್ಳುವವರು ಯಾವ ಕ್ಯಾಸೆಟ್ ಹಾಕುತ್ತೇವೆ ಅಂತ ಮೊದಲು ಬರೆದಿಟ್ಟುಕೊಳ್ಳಿ. ಶಿಮಾನೊ ಕಂಪನಿಯ ಎಚ್‌ಜಿ ಅನ್ನುವುದು ಹಳೇ ಖಾನೆ (ಖಾನೆ ಅಂದರೆ ಕ್ಯಾಸೆಟ್ ಕೂಡುವ ಹಬ್ಬಿನ ಭಾಗ, ಫ್ರೀಹಬ್), ಎಂಟರಿಂದ ಹನ್ನೊಂದು ಗೇರಿನ ಹೆಚ್ಚಿನ ಎಂಟಿಬಿ ಕ್ಯಾಸೆಟ್ ಅದರ ಮೇಲೇ ಕೂಡುತ್ತವೆ. ಅದರಲ್ಲಿ ಅತಿ ಸಣ್ಣ ಹಲ್ಲುಗಾಲಿ 11 ಹಲ್ಲಿನದು. 10 ಹಲ್ಲಿನದು ಬೇಕು ಅಂತ ಸ್ರಾಮ್ ಕಂಪನಿ 2012ರಲ್ಲಿ ಎಕ್ಸ್‌ಡಿ ತಂದಿತು, ಶಿಮಾನೊ 2018ರಲ್ಲಿ ಮೈಕ್ರೋಸ್ಪ್ಲೈನ್ ತಂದಿತು. ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಆದರೆ ಒಳ್ಳೆಯ ಹಬ್ಬಿನಲ್ಲಿ ಆ ಖಾನೆಯೊಂದನ್ನೇ ಕಿತ್ತು ಬೇರೆಯದು ಹಾಕಬಹುದು. ಹಬ್ ತಗೊಳ್ಳುವಾಗ ಈ ಪ್ರಶ್ನೆ ಕೇಳಿ: ಖಾನೆ ಬದಲಿಸಬಹುದಾ, ಬಿಡಿಯಾಗಿ ಸಿಗುತ್ತದಾ? ನನ್ನ ಸಲಹೆ ಕೇಳಿದರೆ, ನಮ್ಮ ಜಿಲ್ಲೆಯಲ್ಲಿ ಇರುವವರಿಗೆ ಎಚ್‌ಜಿಯೇ ಸಾಕು. ಕ್ಯಾಸೆಟ್ ಸವೆದರೆ ಹೈದರಾಬಾದಿಗೆ ಹೋಗಿ ಬಂದವರ ಕೈಯಲ್ಲಾದರೂ ತರಿಸಬಹುದು.

ಫ್ರೀಹಬ್ಬಿನ ಸದ್ದಿನ ಬಗ್ಗೆ ಒಂದು ಮಾತು. ಟರ್ರ್ ಅಂತ ಜೋರಾಗಿ ಸದ್ದು ಬಂದರೆ ಅದು ಭಾರೀ ಹಬ್ ಅನ್ನೋ ನಂಬಿಕೆ ಹುಡುಗರಲ್ಲಿದೆ. ಒಳಗಿನ ಹಲ್ಲು 18 ಇದ್ದರೆ ಕ್ಯಾಸೆಟ್ 20 ಡಿಗ್ರಿ ತಿರುಗುವಷ್ಟರೊಳಗೆ ಹಿಡಿಯುತ್ತದೆ, 36 ಇದ್ದರೆ 10 ಡಿಗ್ರಿ, 54 ಇದ್ದರೆ ಏಳಕ್ಕೂ ಕಡಿಮೆ. ಶಹಾಪುರದ ಬಂಡೆಗಳ ಮೇಲೆ ನಿಂತು ನಿಂತು ಹತ್ತುವವರಿಗೆ ಈ ವ್ಯತ್ಯಾಸ ಕಾಲಿಗೆ ಗೊತ್ತಾಗುತ್ತದೆ. ಅಫಜಲಪುರ ರೋಡಿನಲ್ಲಿ ನೆಟ್ಟಗೆ ಓಡಿಸುವವರಿಗೆ ನಾಯಿಗಳನ್ನು ಎಬ್ಬಿಸಲಿಕ್ಕೆ ಮಾತ್ರ ಉಪಯೋಗ.

ದುಡ್ಡು ಹಾಕಬೇಕಾದ್ದು ಬೇರಿಂಗ್ ಮೇಲೆ. ನಮ್ಮ ಎರೆಮಣ್ಣು ಗೊತ್ತಲ್ಲ. ಬೇಸಿಗೆಯಲ್ಲಿ ಪೌಡರ್ ಥರ ಹಾರುತ್ತದೆ, ಮಳೆ ಬಿದ್ದರೆ ಅಂಟು. ಎರಡೂ ಬೇರಿಂಗಿನ ಒಳಗೆ ನುಗ್ಗುತ್ತವೆ. ಶಿಮಾನೊ ಹಬ್‌ಗಳಲ್ಲಿ ಹೆಚ್ಚಾಗಿ ಕಪ್, ಕೋನ್, ಬಿಡಿ ಗುಂಡು ಇರುತ್ತವೆ; ನಿಮ್ಮ ಓಣಿಯ ಮೇಸ್ತ್ರಿಯೇ ಬಿಚ್ಚಿ ಗ್ರೀಸ್ ಹಾಕಿ ಕೂಡಿಸುತ್ತಾನೆ, ನನಗೆ ಇದೇ ಇಷ್ಟ. ಬೇರೆಯವರದು ಹೆಚ್ಚಾಗಿ ಕಾರ್ಟ್ರಿಜ್ ಬೇರಿಂಗ್, ಅದರ ಮೈಮೇಲೆ ನಂಬರ್ ಇರುತ್ತದೆ. ಉದಾಹರಣೆಗೆ 6902 ಅಂದರೆ ಒಳಗೆ 15, ಹೊರಗೆ 28, ದಪ್ಪ 7 ಮಿ.ಮೀ. ಫ್ಯಾನ್ ರಿಪೇರಿ ಅಂಗಡಿಗೆ ಹೋಗಿ ಕೇಳಿದರೆ 6201, 6202 ಕೊಡುತ್ತಾರೆ, ಯಾಕೆಂದರೆ ಸೀಲಿಂಗ್ ಫ್ಯಾನಿಗೆ ಬೇಕಾದ್ದು ಅದು. 6902 ಕೇಳಿದರೆ ಮುಖ ನೋಡುತ್ತಾರೆ. ಹಬ್ ತರಿಸುವಾಗಲೇ ಅದರ ಬೇರಿಂಗಿನ ಒಂದು ಜೊತೆ ಹೆಚ್ಚುವರಿ ತರಿಸಿಡಿ. ಮತ್ತೆ ನಂಬರಿನ ಕೊನೆಗೆ 2ಆರ್‌ಎಸ್ ಅಂತ ಇರಲಿ, ಅದು ಎರಡೂ ಕಡೆ ರಬ್ಬರ್ ಮುಚ್ಚಳ. ಝಡ್‌ಝಡ್ ಅಂತ ಇದ್ದರೆ ತಗಡಿನ ಮುಚ್ಚಳ. ಫ್ಯಾನಿಗೆ ಸರಿ, ಎರೆಹೊಲಕ್ಕೆ ಅಲ್ಲ.

ಡಿಸ್ಕ್ ಕೂಡಿಸುವುದರಲ್ಲಿ ಎರಡು ಜಾತಿ, ಆರು ಬೋಲ್ಟಿನದು ಮತ್ತು ನಡುವೆ ಒಂದೇ ಬಳೆ ಬಿಗಿಯುವ ಸೆಂಟರ್‌ಲಾಕ್. ನಿಮ್ಮ ಹತ್ತಿರ ಇರುವ ಡಿಸ್ಕ್ ಯಾವುದೋ ಹಬ್ ಅದೇ ಇರಲಿ. ಆರು ಬೋಲ್ಟಿನ ಡಿಸ್ಕನ್ನು ಅಡಾಪ್ಟರ್ ಇಟ್ಟು ಸೆಂಟರ್‌ಲಾಕ್ ಹಬ್ಬಿಗೆ ಹಾಕಬಹುದು, ಸೆಂಟರ್‌ಲಾಕ್ ಡಿಸ್ಕನ್ನು ಆರು ಬೋಲ್ಟಿನ ಹಬ್ಬಿಗೆ ಹಾಕಲಾಗದು.

ಈಗ ತೂತು. ಹಬ್ಬಿನ ತೂತೂ ರಿಮ್ಮಿನ ತೂತೂ ಒಂದೇ ಲೆಕ್ಕ ಇರಬೇಕು. 28, 32, 36. ಕರಿ ಸೈಕಲ್ಲಿಗೆ ಮುಂದೆ 32, ಹಿಂದೆ 40 ಕಡ್ಡಿ. ಹಿಂದೆ ತೊಗರಿ ಚೀಲ ಕಟ್ಟಿಕೊಂಡು, ಮೇಲೆ ಒಬ್ಬನನ್ನು ಕೂಡಿಸಿಕೊಂಡು ಬರುತ್ತಿದ್ದರಲ್ಲ, ಅದಕ್ಕೆ. ಅಪ್ಪನಿಗೆ 28 ಕಡ್ಡಿಯ ಗಾಲಿ ತೋರಿಸಿದಾಗ “ಇದ್ರಾಗ ಉಳಿದ ಕಡ್ಡಿ ಎಲ್ಲಿ ಬಿದ್ದಾವೋ?” ಅಂದಿದ್ದರು. ನಾನು ಹೇಳುವುದು, ಮುಂದೆಯೂ ಹಿಂದೆಯೂ 32. ಒಂದು ಕಡ್ಡಿ ಚಿಂಚೋಳಿ ಕಾಡಿನ ನಡುವೆ ಮುರಿದರೂ ಮನೆ ಮುಟ್ಟಬಹುದು. ನೇರ ತಲೆಯ ಕಡ್ಡಿ ಹಾಕುವ ಹಬ್ ನೋಡಲಿಕ್ಕೆ ಚಂದ, ಆದರೆ ಬಾಗಿದ ತಲೆಯ 2 ಮಿ.ಮೀ. ಕಡ್ಡಿ ಯಾವ ಅಂಗಡಿಯಲ್ಲೂ ಸಿಗುತ್ತದೆ. ರಿಮ್ಮಿನ ಕಡೆ ಕಡ್ಡಿ ಬಿಗಿಯುವ ನಿಪ್ಪಲ್ ಹಿತ್ತಾಳೆಯದೇ ಇರಲಿ.

ರಿಮ್ಮಿಗೆ ಬರೋಣ. ಮೊದಲು ನೋಡಬೇಕಾದ್ದು ಒಳ ಅಗಲ, ಅಂದರೆ ಎರಡು ಗೋಡೆಗಳ ನಡುವಿನ ಜಾಗ. ಹಳೇ ಎಂಟಿಬಿ ರಿಮ್ಮುಗಳಲ್ಲಿ ಅದು 19, 21 ಇರುತ್ತಿತ್ತು. ಈಗ 25, 30. 2.4 ಇಂಚಿನ ಟೈರಿಗೆ 30 ಚೆನ್ನಾಗಿ ಹೊಂದುತ್ತದೆ. 2.1ರ ಟೈರನ್ನು 30ರ ಮೇಲೆ ಕೂಡಿಸಿದರೆ ಟೈರ್ ಚಪ್ಪಟೆಯಾಗಿ ಹೆಗಲಿನ ಗುಬ್ಬಿಗಳು ಮೇಲೆದ್ದು, ರಿಮ್ಮಿನ ಅಂಚು ಕಲ್ಲಿಗೆ ಬಡಿಯುತ್ತದೆ. ಅದಕ್ಕೆ 25 ಸಾಕು. ಅಗಲವಾದ ಟೈರನ್ನು ಕಿರಿದಾದ ರಿಮ್ಮಿಗೆ ಹಾಕಿದರೆ ಬಲ್ಬಿನ ಆಕಾರ ಬಂದು ತಿರುವಿನಲ್ಲಿ ಆಚೀಚೆ ಓಲಾಡುತ್ತದೆ.

ಇಲ್ಲಿ ನಮ್ಮ ಕಡೆಯವರೇ ಗಮನಿಸಬೇಕಾದ ಒಂದು ಸೂಕ್ಷ್ಮ ಇದೆ. ರಿಮ್ ಒಳಗೆ 5 ಮಿ.ಮೀ. ಅಗಲವಾದರೆ ಅದೇ ಟೈರ್ ಸುಮಾರು 2 ಮಿ.ಮೀ. ಉಬ್ಬುತ್ತದೆ. ಒಣ ನೆಲದಲ್ಲಿ ಅದು ಲೆಕ್ಕಕ್ಕೇ ಇಲ್ಲ. ಬೀದರಿನ ಕಡೆ ಜಂಬಿಟ್ಟಿಗೆ ನೆಲ, ಮಳೆ ನಿಂತ ಸ್ವಲ್ಪ ಹೊತ್ತಿಗೆ ಓಡಿಸಬಹುದು. ಎರೆಮಣ್ಣಲ್ಲಿ ಹಾಗಲ್ಲ. ಒಂದು ಹಳ್ಳ ದಾಟುವಷ್ಟರಲ್ಲಿ ಟೈರಿನ ಸುತ್ತ ಇನ್ನೊಂದು ಟೈರ್ ಆಗುವಷ್ಟು ಮಣ್ಣು ಮೆತ್ತುತ್ತದೆ, ಫ್ರೇಮಿನ ಸಂದಿಯಲ್ಲಿ ಗಟ್ಟಿಯಾಗಿ ಗಾಲಿ ನಿಂತೇ ಬಿಡುತ್ತದೆ. ಆಗ ಸೈಕಲ್ ನಮ್ಮನ್ನು ಹೊರುವುದಿಲ್ಲ, ನಾವು ಸೈಕಲ್ ಹೊರಬೇಕು. ಟೈರಿಗೂ ಫ್ರೇಮಿಗೂ ನಡುವೆ ಎರಡೂ ಕಡೆ ನಿಮ್ಮ ಕಿರುಬೆರಳು ಸಲೀಸಾಗಿ ಹೋಗಬೇಕು. ಹೋಗದಿದ್ದರೆ ಅಗಲದ ರಿಮ್ಮಿನ ಆಸೆ ಬಿಡಿ, ಇಲ್ಲವೇ ಟೈರ್ ಸಣ್ಣದು ಮಾಡಿ.

ಎರಡನೆಯದು ಟ್ಯೂಬ್‌ಲೆಸ್. ನೆಗ್ಗಿಲ ಮುಳ್ಳು, ಬಳ್ಳಾರಿ ಜಾಲಿ ಇರುವ ಸೀಮೆಯಲ್ಲಿ ಟ್ಯೂಬ್ ಹಾಕಿಕೊಂಡು ಹೊಲದ ದಾರಿಗೆ ಇಳಿಯುವವರ ಧೈರ್ಯ ಮೆಚ್ಚಬೇಕು. ಟ್ಯೂಬ್‌ಲೆಸ್‌ಗೆ ತಯಾರಾದ ರಿಮ್ ತಗೊಳ್ಳಿ. ಅದರ ಒಳಗೆ ಟೈರಿನ ತಂತಿ ಜಾರದಂತೆ ಸಣ್ಣ ಏಣು ಇರುತ್ತದೆ. ಒಳಗೆ ಸುರಿಯುವ ಅಂಟುಹಾಲು ಮುಳ್ಳಿನ ತೂತನ್ನು ತಾನೇ ಮುಚ್ಚುತ್ತದೆ, ನಮ್ಮ ಬಿಸಿಲಿಗೆ ಬೇಗ ಒಣಗುತ್ತದೆ, ಎರಡು ತಿಂಗಳಿಗೊಮ್ಮೆ ಅಲ್ಲಾಡಿಸಿ ನೋಡಿ. ಆದರೆ ಜನವರಿ ಹೊತ್ತಿಗೆ ತೊಗರಿ ಕೊಯ್ದ ಹೊಲಕ್ಕೆ ಇಳಿಯಬೇಡಿ. ಓರೆಯಾಗಿ ಕೊಯ್ದ ಕೂಳೆ ಈಟಿ ಇದ್ದ ಹಾಗೆ. ಅದು ಮಾಡುವ ತೂತಿಗೆ ಯಾವ ಅಂಟುಹಾಲೂ ಸಾಲುವುದಿಲ್ಲ, ಬತ್ತಿ ತುರುಕಬೇಕಾಗುತ್ತದೆ.

ಕಾರ್ಬನ್ ರಿಮ್ ಬಗ್ಗೆ ಯಾರೋ ಆಗಲೇ ಕೇಳಿದಿರಿ. ದುಡ್ಡಿದ್ದರೆ ತಗೊಳ್ಳಿ. ಅಲ್ಯೂಮಿನಿಯಂ ರಿಮ್ ಕಲ್ಲಿಗೆ ಬಡಿದರೆ ಡೊಂಕಾಗುತ್ತದೆ, ಇಕ್ಕಳದಿಂದ ನೆಟ್ಟಗೆ ಮಾಡಿ ಮನೆಗೆ ಬರುತ್ತೀರಿ. ಕಾರ್ಬನ್ ಒಡೆದರೆ ಆಟೋ ಕರೆಯುತ್ತೀರಿ.

ಮೂರನೆಯದು ಸ್ವಲ್ಪ ತಲೆ ಕೆಲಸ. ಶರಣಬಸವೇಶ್ವರ ಜಾತ್ರೆಯಲ್ಲಿ ಪೆಂಡಾಲಿನ ಕಂಬ ನಿಲ್ಲಿಸೋದು ನೋಡಿದ್ದೀರಿ. ಎರಡು ಕಡೆ ಹಗ್ಗ ಕಟ್ಟುತ್ತಾರೆ. ಒಂದು ಗೂಟ ಕಂಬಕ್ಕೆ ಹತ್ತಿರ, ಇನ್ನೊಂದು ದೂರ ಇದ್ದರೆ, ಹತ್ತಿರದ ಹಗ್ಗವನ್ನು ಹೆಚ್ಚು ಜಗ್ಗಿ ಕಟ್ಟಬೇಕು, ಇಲ್ಲದಿದ್ದರೆ ಕಂಬ ದೂರದ ಗೂಟದ ಕಡೆಗೆ ವಾಲುತ್ತದೆ. ಹಿಂದಿನ ಗಾಲಿಯಲ್ಲಿ ಬಲಗಡೆ ಕ್ಯಾಸೆಟ್ ಜಾಗ ತಿನ್ನುತ್ತದೆ, ಹಾಗಾಗಿ ಬಲರೆಕ್ಕೆ ನಡುವಿಗೆ ಹತ್ತಿರ. ಒಂದು ಬೂಸ್ಟ್ ಹಬ್ಬಿನಲ್ಲಿ ಎಡರೆಕ್ಕೆ ನಡುವಿನಿಂದ 34 ಮಿ.ಮೀ., ಬಲರೆಕ್ಕೆ 22 ಅಂತ ಇಟ್ಟುಕೊಳ್ಳಿ. ಬಲಗಡೆ ಕಡ್ಡಿಗೆ 120 ಕೆ.ಜಿ. ಬಿಗಿ ಕೊಟ್ಟರೆ ಎಡಗಡೆ 78ಕ್ಕೇ ಗಾಲಿ ನಡುವಿಗೆ ಬಂದು ನಿಲ್ಲುತ್ತದೆ. ಎಡಗಡೆಯವು ಸಡಿಲ. ಸಡಿಲ ಕಡ್ಡಿ ಕುಣಿದು ಕುಣಿದು ಬುಡದಲ್ಲಿ ಮುರಿಯುತ್ತದೆ. ಇದಕ್ಕೆ ಔಷಧ, ತೂತುಗಳು ನಡುವೆ ಇರದೆ 3 ಮಿ.ಮೀ. ಪಕ್ಕಕ್ಕೆ ಸರಿದ ರಿಮ್. ಅದರ ತೂತಿನ ಸಾಲು ಹಿಂದಿನ ಗಾಲಿಯಲ್ಲಿ ಎಡಕ್ಕೆ ಬರುವಂತೆ ಕಟ್ಟಿದರೆ ಲೆಕ್ಕ 31ಕ್ಕೆ 25 ಆಗುತ್ತದೆ, ಎಡಗಡೆ ಬಿಗಿ 78ರಿಂದ 97ಕ್ಕೆ ಏರುತ್ತದೆ. ಮುಂದಿನ ಗಾಲಿಯಲ್ಲಿ ಡಿಸ್ಕ್ ಎಡಗಡೆ, ಅಲ್ಲಿ ಹತ್ತಿರದ ರೆಕ್ಕೆ ಎಡಗಡೆಯದು. ಅದೇ ರಿಮ್ಮನ್ನು ತಿರುಗಿಸಿ ಹಾಕಬೇಕು. ತಿರುಗಿಸುವುದು ಮರೆತರೆ ಔಷಧವೇ ರೋಗ.

ಇಲ್ಲಿ ಎತ್ತಿನ ಗಾಡಿಯ ಮಾತು ಬಂತು. ಬಡಿಗೇರರ ಗಾಲಿಯಲ್ಲಿ ಗುಂಬದಿಂದ ಹೊರಟ ಮರದ ಆರೆಯ ಮೇಲೆ ಭಾರ ನಿಲ್ಲುತ್ತದೆ. ಕೆಳಗಿರುವ ಆರೆ ಕಂಬದ ಹಾಗೆ ಹೊರುತ್ತದೆ. ಸೈಕಲ್ ಕಡ್ಡಿ 2 ಮಿ.ಮೀ. ತಂತಿ, ಅದು ಕಂಬ ಆಗಲಾರದು, ಜಗ್ಗಬಲ್ಲದು ಅಷ್ಟೇ. ನೀವು ಸೈಕಲ್ ಹತ್ತಿದಾಗ ಕೆಳಗಿನ ಕಡ್ಡಿಗಳ ಜಗ್ಗು ಕಡಿಮೆಯಾಗುತ್ತದೆ, ಅಷ್ಟೇ ಆಗೋದು. ಮೊದಲೇ ಸಾಕಷ್ಟು ಬಿಗಿ ಇದ್ದರೆ ಕಡಿಮೆಯಾದ ಮೇಲೂ ಉಳಿಯುತ್ತದೆ. ಬಿಗಿಯೇ ಇಲ್ಲದಿದ್ದರೆ ಗಾಲಿ ಪ್ರತಿ ಸುತ್ತಿಗೂ ಸೊರಗುತ್ತದೆ. ಇನ್ನೊಂದು, ಡಿಸ್ಕ್ ಬ್ರೇಕಿನಲ್ಲಿ ಹಿಡಿತ ಹಬ್ಬಿನಲ್ಲಿ ಶುರುವಾಗಿ ಕಡ್ಡಿಗಳ ಮೂಲಕ ರಿಮ್ಮಿಗೆ ಹೋಗಬೇಕು. ಆದ್ದರಿಂದ ಮುಂದಿನ ಗಾಲಿಗೂ ಮೂರು ಕತ್ತರಿ ಹಾಕಿಯೇ, ಅಂದರೆ ಒಂದೊಂದು ಕಡ್ಡಿಯೂ ಬೇರೆ ಮೂರು ಕಡ್ಡಿಗಳನ್ನು ದಾಟುವಂತೆ, ಹೆಣೆಯಿರಿ. ನೆಟ್ಟಗೆ ಸೂರ್ಯನ ಕಿರಣದ ಹಾಗೆ ಕಡ್ಡಿ ಹಾಕಿದ್ದು ಫೋಟೋದಲ್ಲಿ ನೋಡಿ ಬರಬೇಡಿ.

ಕೊನೆಗೆ ಕಡ್ಡಿಯ ಉದ್ದ. ಲೆಕ್ಕ ಫೋನಿನಲ್ಲೇ ಆಗುತ್ತದೆ, ಆದರೆ ಅದಕ್ಕೆ ಅಳತೆ ನೀವು ಕೊಡಬೇಕು. ಮುಖ್ಯವಾದದ್ದು ಇಆರ್‌ಡಿ: ಎದುರುಬದುರು ನಿಪ್ಪಲ್‌ಗಳಲ್ಲಿ ಕಡ್ಡಿ ಮುಗಿಯುವ ಎರಡು ತುದಿಗಳ ನಡುವಿನ ಅಂತರ. ರಿಮ್ ಮಾಡಿದವರು ಬರೆದಿರುತ್ತಾರೆ, ಆದರೆ ಒಬ್ಬರು ನಿಪ್ಪಲ್ ಕೂಡುವ ಜಾಗದಿಂದ ಅಳೆದರೆ ಇನ್ನೊಬ್ಬರು ನಿಪ್ಪಲ್ ತಲೆಯಿಂದ ಅಳೆಯುತ್ತಾರೆ. ಇಆರ್‌ಡಿ 6 ಮಿ.ಮೀ. ತಪ್ಪಿದರೆ ಕಡ್ಡಿ 3 ಮಿ.ಮೀ. ತಪ್ಪುತ್ತದೆ, ಉದ್ದವಾದರೆ ಮರೆ ಮುಗಿದು ಬಿಗಿಯೇ ಆಗುವುದಿಲ್ಲ. ಹಾಗಾಗಿ ನೀವೇ ಅಳೆಯಿರಿ. ಎರಡು ಹಳೇ ಕಡ್ಡಿಗಳನ್ನು ಸರಿಯಾಗಿ 250 ಮಿ.ಮೀ.ಗೆ ಕತ್ತರಿಸಿ. ಮರೆಯ ತುದಿ ನಿಪ್ಪಲ್ ತಲೆಯ ಸೀಳಿನ ತಳಕ್ಕೆ ಸಮ ಬರುವಂತೆ ಸುತ್ತಿ. 32 ತೂತಿನ ರಿಮ್ಮಿನಲ್ಲಿ ಒಂದನ್ನು ಮೊದಲನೇ ತೂತಿಗೆ, ಇನ್ನೊಂದನ್ನು ಹದಿನೇಳನೇ ತೂತಿಗೆ ಹಾಕಿ ಒಳಗೆ ಜಗ್ಗಿ ಹಿಡಿಯಿರಿ. ನಡುವೆ ಉಳಿದ ಸಂದು 100 ಬಂದರೆ ಇಆರ್‌ಡಿ 600. ನಾಲ್ಕು ಕಡೆ ಅಳೆದು ಸರಾಸರಿ ತೆಗೆಯಿರಿ, ರಿಮ್ ಯಾವತ್ತೂ ಪೂರ್ತಿ ದುಂಡಗಿರುವುದಿಲ್ಲ.

ಆ 600ರ ರಿಮ್ಮಿಗೆ ಆಗ ಹೇಳಿದ ಬೂಸ್ಟ್ ಹಬ್, ಎದುರುಬದುರು ಕಡ್ಡಿತೂತುಗಳ ಅಂತರ 58 ಇದ್ದರೆ, 32 ಕಡ್ಡಿ, ಮೂರು ಕತ್ತರಿಗೆ ಎಡಗಡೆ 290.8, ಬಲಗಡೆ 289.7 ಬರುತ್ತದೆ. ಎರಡೂ ಕಡೆಗೆ 290ರ ಕಡ್ಡಿ ತಂದರೆ ನಡೆಯುತ್ತದೆ. ಆದರೆ ಬೇರೆ ಹಬ್ಬಿನಲ್ಲಿ ಎರಡು ಮಿ.ಮೀ. ವ್ಯತ್ಯಾಸ ಬರಬಹುದು, ಆಗ ಎರಡು ಅಳತೆ ತರಿಸಲೇಬೇಕು.

ಹಿಂದಿನ ಸಾಲಿನ ತಮ್ಮ ಕೇಳುತ್ತಿದ್ದಾನೆ, “ನನ್ನತ್ರ 32ರ ಹಬ್ ಅದ, ರಿಮ್ 28ರದ್ದು. ಹಬ್ಬಿನ ನಾಕ್ ತೂತು ಬಿಟ್ಟು ಕಟ್ಟಿದ್ರ?” ಇಲ್ಲಪ್ಪಾ. ಹಬ್ಬಿನ ತೂತು ಸಮಸಮ ಕೋನದಲ್ಲಿ ಕೊರೆದಿರುತ್ತಾರೆ, ನಾಲ್ಕು ಬಿಟ್ಟರೆ ಪ್ರತಿ ಕಡ್ಡಿಯ ಉದ್ದವೂ ಬೇರೆ, ಬಿಗಿಯೂ ಬೇರೆ. ರಿಮ್ ಹೊಸದೇ ಇದ್ದರೆ ಯಾರಿಗಾದರೂ ಮಾರು. ಇಲ್ಲೇ 28ರ ಹಬ್ ಇರುವವರು ಕೈ ಎತ್ತಿ… ಅಗೋ, ಮೂರನೇ ಸಾಲಿನಲ್ಲಿ ಒಬ್ಬರು. ಚಹಾ ಕುಡಿಯುವಾಗ ಇಬ್ಬರೂ ಮಾತಾಡಿಕೊಳ್ಳಿ. ಉಳಿದವರು ಸೈಕಲ್ಲುಗಳನ್ನು ಒಳಗೆ ತನ್ನಿ, ಹಿಂದಿನ ಗಾಲಿ ಬಿಚ್ಚಿ. ವರ್ನಿಯರ್ ಒಂದೇ ಇದೆ, ಸರದಿ ಪ್ರಕಾರ ಅಳೆಯೋಣ.